ನಿದ್ದೆಗೆಟ್ಟ ಮಧ್ಯಾಹ್ನ

ಈಗ ಅವಳ ಹಾಡಿಗೆ ತಲೆದೂಗುವವರೆಲ್ಲ ಒಂದು ಮಾತು ಹೇಳುತ್ತಾರೆ: ಹಿಟ್ಟಿನ ಗಿರಣಿಯೇ ಅವಳ ಗುರು, ಆ ಗದ್ದಲದಲ್ಲೇ ಆ ಕಂಠ ಪಳಗಿತು ಅಂತ. ಹೇಳುವವರಿಗೇನು, ಬಾಯಿಗೆ ಬಂದದ್ದು ಹೇಳುತ್ತಾರೆ. ಗಿರಣಿ ಅವಳ ಕಂಠವನ್ನು ಹೆಚ್ಚುಕಡಿಮೆ ನುಂಗಿ ನೀರು ಕುಡಿದಿತ್ತು.

ಆಗ ಅವಳು ಗಿರಣಿಯಲ್ಲಿ ಕಾಳು ಸುರಿಯುವ ಕೆಲಸಕ್ಕಿದ್ದಳು. ಕಣ್ಣಿನ ರೆಪ್ಪೆಯ ಮೇಲೂ ಹಿಟ್ಟು. ಮೋಟಾರು ಶುರುವಾದರೆ ಪಕ್ಕದವರು ಕಿವಿಯಲ್ಲಿ ಕಿರುಚಿದರೂ ಕೇಳಿಸುತ್ತಿರಲಿಲ್ಲ. ಅವಳಿಗೆ ಬೇಕಾಗಿದ್ದೂ ಅದೇ. ಎದುರಂಗಡಿಯ ರೇಡಿಯೋದಿಂದ ಕಲಿತ ಹಾಡುಗಳನ್ನೆಲ್ಲ ಆ ಸದ್ದಿನೊಳಗೆ ಎದೆ ಬಿರಿಯುವಂತೆ ಹಾಡುತ್ತಿದ್ದಳು. ಗಿರಣಿಯ ಯಜಮಾನನಿಗೆ ಕಾಣುತ್ತಿದ್ದದ್ದು ಬಾಯಿ ಮಾತ್ರ. "ಯಾವಾಗ ನೋಡಿದ್ರೂ ಬಾಯಾಡಿಸ್ತಾನೇ ಇರ್ತೀಯ, ಗಿರಾಕಿಗಳ ಕಾಳು ಮುಕ್ಕುತಿದೀಯೇನು?" ಎಂದು ಒಮ್ಮೆ ಬಾಯಿ ತೆರೆಸಿ ನೋಡಿಯೂ ಬಿಟ್ಟಿದ್ದ.

ಮನೆಯಲ್ಲಿ ಹಾಡುವ ಮಾತೇ ಇರಲಿಲ್ಲ. ಇದ್ದದ್ದು ಒಂದೇ ಕೋಣೆ, ಅದರಲ್ಲಿ ಅವಳು ಮತ್ತು ಅವಳ ಅಣ್ಣ. ಅಣ್ಣ ಗೋದಾಮಿನ ರಾತ್ರಿ ಕಾವಲುಗಾರ, ಹಗಲೆಲ್ಲ ಮಲಗಬೇಕು. ಒಮ್ಮೆ ಕಾವಲಿನಲ್ಲಿ ತೂಕಡಿಸಿ ಸಿಕ್ಕಿಬಿದ್ದಿದ್ದ. ಇನ್ನೊಮ್ಮೆ ಕಣ್ಣು ಮುಚ್ಚಿದರೆ ಕೆಲಸ ಬಿಟ್ಟು ಮನೆಗೆ ನಡಿ ಅಂದಿದ್ದರು. ರಾತ್ರಿ ಅವನು ಹೊರಟ ಮೇಲೆ ಹಾಡೋಣವೆಂದರೆ ಹಲಗೆಯ ಗೋಡೆಯಾಚೆ ಮನೆಯೊಡತಿ. ಲೋಟ ಬಿದ್ದರೂ ಗೋಡೆ ಗುದ್ದುವ ಹೆಂಗಸು ಆಕೆ. ಹೀಗಾಗಿ ಅವಳ ಹಾಡನ್ನು ಯಾರೂ ಕೇಳಿರಲಿಲ್ಲ. ನಿಜ ಹೇಳಬೇಕೆಂದರೆ ಅವಳೂ ಕೇಳಿರಲಿಲ್ಲ.

ಹೊಸ ಗಾಯಕಿಯರನ್ನು ಆರಿಸುತ್ತಿದ್ದಾರೆಂದು ತಿಳಿದು ಒಂದು ಬೆಳಿಗ್ಗೆ ಕೆಲಸಕ್ಕೆ ಚಕ್ಕರ್ ಹೊಡೆದು ಧ್ವನಿಮುದ್ರಣದ ಕೋಣೆಗೆ ಹೋದಳು. ಮೂವತ್ತು ದಾಟಿದವರಿಗೆ ಅಲ್ಲಿ ಜಾಗವಿಲ್ಲ. ಬರುವ ವರ್ಷ ಅವಳು ಆ ಗೆರೆ ದಾಟುತ್ತಿದ್ದಳು. ದಪ್ಪ ಬಾಗಿಲು ಮುಚ್ಚಿದ್ದೇ ತಡ, ಕಿವಿಯೇ ಕಿತ್ತುಹೋದಂಥ ನಿಶ್ಶಬ್ದ. ಅವಳು ಬಾಯಿ ತೆರೆದಳು. ಯಾರೋ ಅರಚಿದರು. ಬೆಚ್ಚಿ ಹಿಂದೆ ತಿರುಗಿ ನೋಡಿದಳು, ಯಾರೂ ಇಲ್ಲ. ಅರಚಿದವಳು ಅವಳೇ.

ಗಾಜಿನಾಚೆ ಕೂತಿದ್ದ ಸಂಗೀತ ನಿರ್ದೇಶಕ ಎದ್ದು ಬಂದ. "ಯಾರ ಜೊತೆ ಜಗಳ ಆಡ್ತಿದೀಯಮ್ಮ?" ಎಂದ. ವಾದ್ಯದವರು ಮುಸಿಮುಸಿ ನಕ್ಕರು.

"ಸಾರ್, ಇನ್ನೊಂದ್ಸಲ..."

"ಶ್ರುತಿ ಬಿಟ್ಟಿಲ್ಲ, ಅದು ಒಪ್ಕೋತೀನಿ. ಆದ್ರೆ ಇದು ಹಾಡಲ್ಲ, ಕೂಗು. ಸಂಜೆ ಐದಕ್ಕೆ ನಾವು ಬಾಗಿಲು ಹಾಕ್ತೀವಿ. ಅಷ್ಟರೊಳಗೆ, ಪಕ್ಕದಲ್ಲಿ ಕೂತವರಿಗೆ ಗುಟ್ಟು ಹೇಳೋ ಹಾಗೆ ಹಾಡೋಕಾದ್ರೆ ಬಾ. ಆಗ್ಲಿಲ್ಲಾಂದ್ರೆ ಬರಬೇಡ."

ಬೀದಿಗೆ ಬಂದು ನಿಂತಳು. ಮೆತ್ತಗೆ ಹಾಡುವುದನ್ನು ಎಲ್ಲಿ ಹೋಗಿ ಕಲಿಯುವುದು? ಬೀದಿ ತುಂಬ ಬಸ್ಸು, ಲಾರಿ. ಉದ್ಯಾನಕ್ಕೆ ಹೋದರೆ ಹುಲ್ಲು ಕತ್ತರಿಸುವ ಯಂತ್ರ. ಆಸ್ಪತ್ರೆಯ ಹಿಂದಿನ ಓಣಿಗೆ ಹೋದರೆ ಜನರೇಟರ್. ಇಷ್ಟು ದೊಡ್ಡ ಊರಿನಲ್ಲಿ ತನ್ನ ದನಿ ತಾನು ಕೇಳಿಸಿಕೊಳ್ಳಲು ಒಂದು ಮೂಲೆಯೂ ಇಲ್ಲವಲ್ಲ! ಇದು ಕೈತಪ್ಪಿದರೆ ಸಾಯುವ ತನಕ ಹಿಟ್ಟೇ ಗತಿ. ಸದ್ದಿಲ್ಲದ ಜಾಗ ಅವಳಿಗೆ ಗೊತ್ತಿದ್ದದ್ದು ಒಂದೇ: ಅಣ್ಣ ಮಲಗಿದ್ದ ಕೋಣೆ.

ಕಳ್ಳಿಯಂತೆ ಒಳಗೆ ಹೋಗಿ ಅವನ ತಲೆಯ ಹತ್ತಿರವೇ ಕೂತಳು. ಅವನಿಗೆ ಎಚ್ಚರವಾಗದಷ್ಟು ಮೆತ್ತಗೆ ಹಾಡಿದರೆ ತಾನು ಗೆದ್ದ ಹಾಗೆ ಎಂದುಕೊಂಡಳು. ಮೊದಲು ಬರೀ ಉಸಿರು ಬಂತು. ಆಮೇಲೆ ಉಸಿರಿನ ಜೊತೆ ಚೂರು ದನಿ. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಹಳೆಯ ಚಾಳಿ ಎದ್ದು ಗಂಟಲು ಹೋ ಎಂದಿತು. ಗಬಕ್ಕನೆ ಬಾಯಿ ಮುಚ್ಚಿಕೊಂಡಳು. ಅಣ್ಣ ಆಗಲೇ ಎದ್ದು ಕೂತಿದ್ದ.

"ಗಿರಣಿಗೆ ಹೋಗಿಲ್ವಾ?"

ಸುಳ್ಳು ಹೇಳಲು ಅವಳಲ್ಲಿ ತ್ರಾಣವಿರಲಿಲ್ಲ. ಇದ್ದದ್ದನ್ನೆಲ್ಲ ಒದರಿಬಿಟ್ಟಳು. ಕೊನೆಗೆ, "ನೀನು ಮಲ್ಕೋ ಅಣ್ಣ, ನಾನು ಹೋಗ್ತೀನಿ" ಎಂದಳು.

"ಎಲ್ಲಿಗೆ?"



ಅವನು ಕೆಂಪಾದ ಕಣ್ಣುಗಳನ್ನು ಉಜ್ಜಿಕೊಂಡ. ಅಂಗಿ ತೊಟ್ಟು, ಇದ್ದೊಂದು ಕುರ್ಚಿಯನ್ನು ಎತ್ತಿಕೊಂಡು ಹೊರಗೆ ಹೋಗಿ ಬಾಗಿಲು ಎಳೆದುಕೊಂಡ. ಅವನು ಮನೆಯೊಡತಿಗೆ ಹೇಳುತ್ತಿದ್ದದ್ದು ಒಳಗೆ ಕೇಳಿಸಿತು: "ಅಮ್ಮ, ಸಂಜೆ ತನಕ ಗೋಡೆ ಗುದ್ದಬೇಡಿ. ಬೈಯೋದಿದ್ರೆ ನನಗೆ ಬೈಯಿರಿ, ಇಲ್ಲೇ ಕೂತಿರ್ತೀನಿ."

ಈ ರಾತ್ರಿ ಅವನು ತೂಕಡಿಸುವುದು ಖಂಡಿತ, ಕೆಲಸ ಹೋಗುವುದೂ ಖಂಡಿತ ಎಂದು ಅವಳಿಗೆ ಗೊತ್ತಿತ್ತು. ಅವನಿಗೂ ಗೊತ್ತಿತ್ತು. ಜನ್ಮದಲ್ಲಿ ಮೊದಲ ಸಲ ಸದ್ದಿಲ್ಲದ ಒಂದು ಕೋಣೆ ಅವಳೊಬ್ಬಳಿಗೇ ಸಿಕ್ಕಿತ್ತು. ಹಾಡಲು ಬಾಯಿ ತೆರೆದರೆ ಬಂದದ್ದು ಅಳು. ಮಂಡಿಗೆ ಮುಖ ಒತ್ತಿ ಬಿಕ್ಕಿಬಿಕ್ಕಿ ಅತ್ತಳು.

ಅಣ್ಣ ಹೊರಗಿನಿಂದ ಬಾಗಿಲು ತಟ್ಟಿದ.

"ಹಾಡೇ ಪುಟ್ಟಿ," ಎಂದ. "ನೀನು ಅಳ್ಲಿ ಅಂತ ನಾನು ನಿದ್ದೆ ಬಿಟ್ಟು ಕೂತಿಲ್ಲ."