ಮಂಚದ ಕೆಳಗಿನ ಬಕೆಟ್ಟು

"ಥೂ, ಹೊಲಸು ಮುಂಡೇವಾ! ಈಗಷ್ಟೇ ಹಾಸಿದ ಬಟ್ಟೆ! ಇದನ್ನ ಯಾರು ಒಗೀತಾರೆ, ನಿಮ್ಮಮ್ಮನಾ?"

ನರ್ಸಮ್ಮ ಕೇಳಿದ್ದು ಆಗತಾನೇ ಹೆತ್ತು ಮಲಗಿದ್ದ ಹುಡುಗಿಯನ್ನು. ಉತ್ತರ ತಲೆದೆಸೆಯಲ್ಲೇ ನಿಂತಿತ್ತು. ಆ ಆಸ್ಪತ್ರೆಯ ಬಟ್ಟೆಯನ್ನೆಲ್ಲ ಒಗೆಯುವವಳು ಅವಳಮ್ಮನೇ. ಬೇರೆ ದಿನವಾಗಿದ್ದರೆ ಅಮ್ಮನಿಗೆ ನಗು ಬರುತ್ತಿತ್ತೋ ಏನೋ. ಈಗ ತಲೆ ತಗ್ಗಿಸಿ, "ನಾನೇ ಒಗೀತೀನಿ ಬಿಡಿ ಅಕ್ಕಾ" ಎಂದಳು. ಅಕ್ಕನಿಗೆ ಅವಳ ಮಗಳ ವಯಸ್ಸು.

"ಹೆರೋಕೆ ಬರುತ್ತೆ, ಮೈ ನೋಡ್ಕೊಳ್ಳೋಕೆ ಬರಲ್ಲ. ಇನ್ನೊಂದ್ಸಲ ಕೆಡಿಸಿದ್ರೆ ನೆಲಕ್ಕೇ ಹಾಕ್ತೀನಿ."

ಅಕ್ಕಪಕ್ಕದ ಮಂಚದವರೆಲ್ಲ ತಿರುಗಿ ನೋಡಿದರು. ಅಮ್ಮನಿಗೆ ನಿಂತ ನೆಲ ಬಾಯಿಬಿಡಬಾರದೇ ಅನ್ನಿಸಿತು. ನರ್ಸಮ್ಮ ಅತ್ತ ಹೋಗಿದ್ದೇ ತಡ, ಮಗಳು ಪಿಸುಗುಟ್ಟಿದಳು.

"ಅಮ್ಮಾ, ಮತ್ತೆ ಆಯ್ತು."

ಬಟ್ಟೆಯ ಕಲೆಯನ್ನು ಯಾರ ಕಣ್ಣಿಗೂ ಬೀಳದಂತೆ ಮಾಡುವುದೇ ಅಮ್ಮನ ಕಸುಬು. ಗಂಟಿನಿಂದ ಹಳೇ ಸೀರೆಯ ತುಂಡು ತೆಗೆದು ಮಗಳ ಅಡಿಗಿಟ್ಟಳು. ನೆನೆದದ್ದನ್ನು ಮಂಚದ ಕೆಳಗಿನ ಬಕೆಟ್ಟಿಗೆ ತುರುಕಿ ಟವೆಲ್ ಮುಚ್ಚಿದಳು. ಮತ್ತೊಂದು, ಮಗದೊಂದು. ಹಾಸಿಗೆ ಬೆಳ್ಳಗೇ ಉಳಿಯಿತು. ಮಗಳ ಮುಖವೂ ಬೆಳ್ಳಗಾಗುತ್ತ ಬಂತು.

ಡಾಕ್ಟರು ಬಾಗಿಲಲ್ಲೇ ನಿಂತು ಕೇಳಿದರು, "ರಕ್ತ ಎಷ್ಟು ಹೋಗ್ತಿದೆ?"

"ಎಲ್ಲರ ಹಾಗೇ ಸಾರ್. ಹಾಸಿಗೆ ಕ್ಲೀನಾಗಿದೆ ನೋಡಿ" ಎಂದಳು ನರ್ಸಮ್ಮ.

ಅಮ್ಮ ಹೌದೆಂದು ತಲೆಯಾಡಿಸಿ, ಬಕೆಟ್ಟನ್ನು ಕಾಲಿನಿಂದ ಇನ್ನಷ್ಟು ಒಳಕ್ಕೆ ತಳ್ಳಿದಳು. ಅಷ್ಟು ನಾಚಿಕೆ ಅವಳಿಗೆ. ಡಾಕ್ಟರು ತಮ್ಮ ಕೋಣೆಗೆ ಹೋದರು.

"ಚಳಿ ಅಮ್ಮಾ... ನೀರು... ಎಲ್ಲಿದ್ದೀಯ, ಕಾಣ್ತಿಲ್ಲ."

ಮಧ್ಯಾಹ್ನದ ಬಿಸಿಲು ಮಂಚದ ಮೇಲೇ ಬಿದ್ದಿತ್ತು. "ನನ್ನ ಮಾನಕ್ಕಿಷ್ಟು ಬೆಂಕಿ ಹಾಕ!" ಎಂದು ಅಮ್ಮ ತನಗೆ ತಾನೇ ಶಾಪ ಹಾಕಿಕೊಂಡು ಬಕೆಟ್ಟು ಎಳೆದಳು. ನೀರು ಹಾಕದಿದ್ದರೂ ಅದು ಎತ್ತಲಾಗದಷ್ಟು ಭಾರವಿತ್ತು.

ಡಾಕ್ಟರು ಟೀ ಕುಡಿಯುತ್ತಿದ್ದರು. ಅವರ ಕೋಣೆಯ ಬಾಗಿಲಲ್ಲಿ ಅವಳು ಬಕೆಟ್ಟನ್ನು ಬೋರಲು ಹಾಕಿದಳು.

"ಎಷ್ಟು ಹೋಗ್ತಿದೆ ಅಂದ್ರಲ್ಲ ಸ್ವಾಮಿ, ಇಷ್ಟು! ಬೈಗುಳಕ್ಕೆ ಹೆದರಿ ನಾನೇ ಮುಚ್ಚಿಟ್ಟೆ, ಪಾಪಿ ಮುಂಡೆ!"

ಡಾಕ್ಟರು ಲೋಟ ಬಿಟ್ಟು ಓಡಿದರು. ಮಗಳ ಕಿಬ್ಬೊಟ್ಟೆಯನ್ನು ಒತ್ತಿ ಉಜ್ಜುತ್ತ ನರ್ಸಮ್ಮನಿಗೆ ಕೂಗಿದರು, "ಗರ್ಭಕೋಶ ಬಿಗಿಯಾಗೇ ಇಲ್ಲ! ಇಂಜೆಕ್ಷನ್ ತಾ, ರಕ್ತ ತರಿಸು! ಹೊಟ್ಟೆ ಮುಟ್ಟಿ ನೋಡೋಕೆ ನಿಂಗೇನಾಗಿತ್ತೇ?"

ನಿಮಗೇನಾಗಿತ್ತು ಎಂದು ಡಾಕ್ಟರನ್ನು ಕೇಳುವವರು ಅಲ್ಲಿ ಯಾರೂ ಇರಲಿಲ್ಲ. ಇಂಜೆಕ್ಷನ್ನಿಗೆ ಓಡಿದ ನರ್ಸಮ್ಮ ಡಾಕ್ಟರ ಕೋಣೆಯ ಬಾಗಿಲಲ್ಲಿ ಚೆಲ್ಲಿದ್ದ ರಕ್ತದಲ್ಲಿ ಜಾರಿ, ಗೋಡೆ ಹಿಡಿದುಕೊಂಡಳು. ಸಿಟ್ಟೆಲ್ಲ ಅಲ್ಲೇ ನಿಂತಿದ್ದ ಅಮ್ಮನ ಮೇಲೆ ತಿರುಗಿತು.

"ಏ, ಒರೆಸೇ ಇದನ್ನ!"

ಅಮ್ಮನ ಸೊಂಟ ಅಭ್ಯಾಸದಂತೆ ಬಗ್ಗಿತು. ಕೈ ಬಟ್ಟೆಯವರೆಗೂ ಹೋಗಿತ್ತು. ಆಮೇಲೆ ನೆಟ್ಟಗೆ ನಿಂತಳು.

"ಒರೆಸಲ್ಲ. ನನ್ನ ಮಗಳು ಕಣ್ಣು ಬಿಡೋವರೆಗೂ ಇದು ಇಲ್ಲೇ ಬಿದ್ದಿರುತ್ತೆ. ತುಳ್ಕೊಂಡೇ ಓಡಾಡ್ರಿ."

ನರ್ಸಮ್ಮ ಇಂಜೆಕ್ಷನ್ ಹಿಡಿದು ತುಳಿದುಕೊಂಡೇ ಓಡಿದಳು. ಅವಳ ಚಪ್ಪಲಿಯ ಕೆಂಪು ಗುರುತು ಮಗಳ ಮಂಚದವರೆಗೂ ಮೂಡಿತು.