ಮುಂದಿನ ಎರಡು ಚಕ್ರ

ಕೂದಲು — ಹೊಸ ಟೈರಿನ ಮೈಮೇಲೆ ರಬ್ಬರಿನ ಸಣ್ಣ ಸಣ್ಣ ಕೂದಲು, ಹಂದಿಯ ಬೆನ್ನಿನ ಮೇಲಿರುವಂಥದ್ದು, ಅದನ್ನು ನೋಡಬಾರದೆಂದೇ ಓಡಿಲ್ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು, ಆದರೂ ಕಣ್ಣು ಅಲ್ಲಿಗೇ ಹೋಯಿತು, ಹಾಳು ಕಣ್ಣು, ಆಚೆ ನದಿಯ ಮೇಲೆ ಮೋಡ ಇಳಿದು ಕೆನಡಾದ ದಡವೇ ಕಾಣುತ್ತಿಲ್ಲ, ನಾಳೆ ನಾಡಿದ್ದರಲ್ಲಿ ಮೊದಲ ಹಿಮ ಎಂದು ರೇಡಿಯೋದವನು ಬೆಳಗ್ಗೆಯಿಂದ ಬಡಿದುಕೊಳ್ಳುತ್ತಿದ್ದಾನೆ, ಅವನಿಗೇನು, ಬೆಚ್ಚಗೆ ಕೂತು ಹೇಳುತ್ತಾನೆ, ಮುನ್ನೂರ ಹನ್ನೆರಡು ಮನೆಗೆ ಟಪಾಲು ಹಂಚಬೇಕಾದವಳು ಇವಳು, ಅದೂ ಸ್ವಂತ ಕಾರಿನಲ್ಲಿ, ಹಿಮ ಬಿದ್ದರೂ ಆಕಾಶವೇ ಬಿದ್ದರೂ. ಗಿಲ್ಮನ್ ಪೆಲ್ಟಿಯೆ ಮೂರನೇ ಟೈರನ್ನು ಉರುಳಿಸಿಕೊಂಡು ಬಂದ, ಬಗ್ಗಿದ, ಗೋಡೆಗೆ ಒರಗಿಸಿದ, ಒಂದನೇ ಕ್ಲಾಸಿನಿಂದ ಜೊತೆಗೆ ಓದಿದವನು, ಈಗ ಮುಖ ಎತ್ತಿ ನೋಡುವುದಿಲ್ಲ, ಇದಕ್ಕೆ ಮಂಜುಗಡ್ಡೆ ಕಚ್ಚೋ ಮೊಳೆ ಇದೆ, ಇದಕ್ಕಿಲ್ಲ, ಇದು ಸ್ವಲ್ಪ ಅಗಲ, ಅಂದ, ಅಷ್ಟೇ. ಅಗಲದ್ದು ಬೇಡ, ಹಿಮದ ಮೇಲೆ ತೇಲುತ್ತೆ, ಕಿರಿದಾದ್ರೆ ಕೊರ್ಕೊಂಡು ಕೆಳಗಿನ ನೆಲ ಹಿಡಿಯುತ್ತೆ, ಅಷ್ಟು ನಂಗೂ ಗೊತ್ತು. ಗೊತ್ತಿದ್ರೆ ಸರಿ. ಏನು ಹಾಗಂದ್ರೆ? ಏನಿಲ್ಲ ಓಡಿಲ್, ಗೊತ್ತಿದ್ರೆ ಸರಿ ಅಂದೆ. ಗೊತ್ತಿದ್ರೆ ಸರಿ — ಚುಚ್ಚಿದನೇ, ಇಲ್ಲ ಬರೀ ಮಾತೇ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ಥಿತಿ ತನ್ನದು, ಇಡೀ ಕಣಿವೆಯಲ್ಲಿ ಇಷ್ಟು ಸಿಟ್ಟು ಅವಳಿಗೆ ಬೇರೆ ಯಾರ ಮೇಲೂ ಇಲ್ಲ, ಈ ಮನುಷ್ಯನ ಬಗ್ಗಿದ ಬೆನ್ನಿನ ಮೇಲೆ ಇರುವಷ್ಟು. ನಾಲ್ಕಾ, ಎರಡಾ, ಎಂದು ಅವನು ಬೆನ್ನು ತಿರುಗಿಸಿಕೊಂಡೇ ಕೇಳಿದ, ಅವಳು ಕೇಳಿಸದವಳ ಹಾಗೆ ಕಾಫಿಯ ಲೋಟ ಎತ್ತಿಕೊಂಡಳು.

ಹೋದ ವರ್ಷವೂ ಇದೇ ನವೆಂಬರ್, ಇದೇ ಕುರ್ಚಿ, ಇದೇ ಸೀದುಹೋದ ಕಾಫಿ, ಇದೇ ಪ್ರಶ್ನೆ, ಆಗ ಕೂರಲು ಜಾಗವಿರಲಿಲ್ಲ, ಆಲೂಗಡ್ಡೆ ಹೊಲದವರೆಲ್ಲ ಗೋಡೆಗೆ ಆತುಕೊಂಡು ನಿಂತಿದ್ದರು, ಈಗ ಇವಳೊಬ್ಬಳೇ, ಬಾಗಿಲ ಮೇಲೆ ಗಿಲ್ಮನ್ನನ ಕೈಬರಹದ ಚೀಟಿ, ಡಿಸೆಂಬರ್ ಹದಿನೈದಕ್ಕೆ ಅಂಗಡಿ ಮುಚ್ಚಲಾಗುವುದು, ಇಷ್ಟು ವರ್ಷ ಬಂದಿದ್ದಕ್ಕೆ ಉಪಕಾರ, ಅವನ ಅಪ್ಪನ ಕಾಲದ ಅಂಗಡಿ. ಎರಡು ಸಾಕು ಅಂದಿದ್ದಳು ಅವಳು ಆಗ, ಕಣಿವೆಯಲ್ಲಿ ಎಲ್ಲರೂ ಹಾಗೇ, ಕೊಟ್ಟಿಗೆಯಲ್ಲಿ ಹಳೇ ಟೈರಿನ ರಾಶಿ, ಯಾವುದು ಯಾವ ಮೂಲೆಯದೆಂದು ಸೀಮೆಸುಣ್ಣದಲ್ಲಿ ಬರೆದಿಟ್ಟು, ಒಳಗಿನ ನೂಲು ಕಾಣುವವರೆಗೆ ಓಡಿಸದೆ ಬಿಸಾಡುವವಳು ಹೆಂಗಸೇ ಅಲ್ಲ ಎಂದು ಅವಳ ಅತ್ತೆ ಹೇಳುತ್ತಿದ್ದಳು, ಹಿಂದಿನವು ಇನ್ನೊಂದು ಚಳಿಗಾಲ ಬರ್ತಾವೆ ಬಿಡು ಗಿಲ್ಮನ್. ಅವನು ಹಿಂದಿನ ಟೈರಿನ ಗೀರಿಗೆ ಒಂದು ನಾಣ್ಯ ಸಿಕ್ಕಿಸಿ ತೋರಿಸಿದ, ನಾಣ್ಯದ ಮೇಲಿನ ತಲೆ ಪೂರ್ತಿ ಕಾಣುತ್ತಿತ್ತು, ನೋಡು, ಬೋಳಾಗಿದೆ, ನಾಲ್ಕೂ ಹಾಕಿಸು. ಬೇಡ ಅಂದ್ರೆ ಬೇಡ. ಸರಿ ತಾಯಿ, ಎರಡೇ ಅಂದ್ರೆ ಹೊಸವು ಹಿಂದಕ್ಕೆ ಹೋಗ್ತಾವೆ, ಹಿಂದೆ ಹಿಡಿತ ಇಲ್ದಿದ್ರೆ ಇಳಿಜಾರಲ್ಲಿ ಬ್ರೇಕ್ ಹಾಕಿದ ತಕ್ಷಣ ಬಾಲ ತಿರುಗಿ ಮುಂದಕ್ಕೆ ಬರುತ್ತೆ. ಎಳೆಯೋದು ಮುಂದಿನ ಚಕ್ರ ಕಣೋ, ಹಿಂದೆ ಹಾಕಿ ಏನು ಮೆರವಣಿಗೆ ಮಾಡ್ಲಾ? — ಅಷ್ಟು ಜನರ ಎದುರಿಗೆ ಅಂದಳೇ, ಇಲ್ಲ, ಆ ಹೊತ್ತಿಗೆ ಇಬ್ಬರೂ ಒಳಗೆ ಕಾರಿನ ಹತ್ತಿರ ಇದ್ದರು, ಗಾಳಿ ತುಂಬುವ ಯಂತ್ರ ಕೂಗುತ್ತಿತ್ತು, ಯಾರಿಗೂ ಕೇಳಿಸಲಿಲ್ಲ, ಆ ಯಂತ್ರದ ಋಣ ಅವಳ ಮೇಲಿದೆ. ಮುನ್ನೂರ ಹನ್ನೆರಡು ಸಲ ರಸ್ತೆಯಂಚಿನ ಹಿಮಕ್ಕೆ ಇಳಿಯೋಳು ನಾನು, ನೀನಲ್ಲ, ಸಿಕ್ಕಿಹಾಕ್ಕೊಂಡ್ರೆ ಎಳೆಯೋಕೆ ನೀನು ಬರ್ತೀಯಾ? ಅದರ ಹಿಂದಿನ ಚಳಿಗಾಲ ಅವಳು ಡುಬೇ ಮನೆಯವರ ಟಪಾಲು ಪೆಟ್ಟಿಗೆಯ ಮುಂದೆ ಹೂತುಕೊಂಡಿದ್ದಳು, ಗಂಡ ಕಮೀಲ್‌ನ ಚಿಕ್ಕಪ್ಪನ ಮಗ ಫೆರ್ನಾನ್ ಟ್ರ್ಯಾಕ್ಟರ್ ತಂದು ಎಳೆದ, ಎಳೆದವನು ಸುಮ್ಮನಿರಬಾರದೇ, ವಸಂತದವರೆಗೂ ಚರ್ಚಿನ ಊಟದಲ್ಲಿ, ಪೆಟ್ರೋಲ್ ಬಂಕಿನಲ್ಲಿ, ಅತ್ತಿಗೆ, ಒಂದು ಕುದುರೆ ಇಟ್ಕೋ, ಅದಕ್ಕೆ ಟೈರು ಬೇಡ, ಎಂದು ನಕ್ಕಿದ್ದೇ ನಕ್ಕಿದ್ದು, ಆ ನಗು ಅವಳ ಕಿವಿಯಲ್ಲಿತ್ತು, ಅದಕ್ಕೇ, ಅದೊಂದಕ್ಕೇ, ಮುಂದೆ ಹಾಕು ಗಿಲ್ಮನ್, ಬಾಯಿ ಮುಚ್ಕೊಂಡು ಮುಂದೆ ಹಾಕು. ಅವನು ಕೈ ಒರೆಸಿಕೊಂಡ, ಆಮೇಲೆ ಹಾಕಿದ.

ಯಾಕೆ ಹಾಕಿದೆ, ಹಾಕಬಾರದಿತ್ತು, ಇಷ್ಟು ಗೊತ್ತಿದ್ದವನು ಕಾರಿನ ಕೀಲಿಯನ್ನು ಕಿತ್ತು ನದಿಗೆ ಎಸೆಯಬೇಕಿತ್ತು, ಹೋಗೇ ಹುಚ್ಚಿ ಅಂದು ಹೊರಗೆ ತಳ್ಳಬೇಕಿತ್ತು, ಹೆಂಗಸು ಗದರಿದಳೆಂದು ಸುಮ್ಮನಾಗುವ ಗಂಡಸೂ ಗಂಡಸೇ — ಕಾಫಿ ನಾಲಿಗೆ ಸುಟ್ಟಿತು, ಸುಡಲಿ. ಇಡೀ ಜನವರಿ ಅವಳು ಎಲ್ಲೂ ಹೂತುಕೊಳ್ಳಲಿಲ್ಲ, ಒಂದೇ ಒಂದು ಸಲವೂ ಇಲ್ಲ, ಫೆರ್ನಾನ್‌ನ ಮನೆಯ ಪೆಟ್ಟಿಗೆಯ ಮುಂದೆ ಬೇಕೆಂದೇ ಆಳವಾದ ಹಿಮಕ್ಕೆ ಇಳಿಸಿ ಬೇಕೆಂದೇ ಜೋರಾಗಿ ಎಬ್ಬಿಸಿಕೊಂಡು ಹೋಗುತ್ತಿದ್ದಳು, ಎಷ್ಟು ಖುಷಿ, ಆ ಖುಷಿಗೆ ಬೆಂಕಿ ಬೀಳ. ಫೆಬ್ರವರಿಯಲ್ಲಿ ಜ್ವರ, ಅವಳು ಮಲಗಿದ್ದಳು, ಬೆಳಗ್ಗೆ ಹತ್ತು ಗಂಟೆ, ಕೆಮ್ಮಿಗೆ ಏನಾದ್ರೂ ತರ್ತೀನಿ ಎಂದು ಕಮೀಲ್ ಬೂಟು ಹಾಕಿಕೊಂಡ, ಅವನ ಟ್ರಕ್ಕಿನ ಹಿಂದೆ ಅಡ್ಡಕ್ಕೆ ಇವಳ ಕಾರು ನಿಂತಿತ್ತು, ನಿಲ್ಲಿಸಿದವಳು ಇವಳೇ, ನಿನ್ನ ಕಾರೇ ತಗೊಂಡು ಹೋಗ್ತೀನಿ ಕಣೇ ಎಂದು ಅಡುಗೆಮನೆಯಿಂದ ಕೂಗಿದ, ಅವಳು ಹೂಂ ಅಂದಳೋ ಇಲ್ಲವೋ, ಇಪ್ಪತ್ತೆಂಟು ವರ್ಷ ಬಾಳಿದ ಮೇಲೆ ಕೊನೆಯ ಮಾತು ಅಷ್ಟೇ, ಅದೂ ನೆನಪಿಲ್ಲ. ಚರ್ಚಿನ ಇಳಿಜಾರಿನ ಬುಡದಲ್ಲಿ ಬ್ರೇಕ್ ಹಾಕಿದ್ದಾನೆ, ಮುಂದಿನ ಎರಡು ಹಿಡಿದಿವೆ, ಹಿಂದಿನ ಎರಡು ಹಿಡಿದಿಲ್ಲ, ಟ್ರಕ್ಕಿಗೆ ಒಗ್ಗಿದ ಕೈ, ಬಾಲ ಮುಂದಕ್ಕೆ ಬಂದಿದೆ, ಆಲೂಗಡ್ಡೆ ಕೂಡಿಡುವ ಕಟ್ಟಡದ ಕಾಂಕ್ರೀಟ್ ಗೋಡೆ, ಅವನು ಕೂತಿದ್ದ ಬದಿಯೇ. ಕಾರನ್ನು ಎತ್ತಿ ತಂದವನು ಗಿಲ್ಮನ್, ಅಂಗಡಿಯ ಹಿಂದೆ ಟಾರ್ಪಾಲು ಮುಚ್ಚಿ ನಿಲ್ಲಿಸಿದ್ದ, ಟಪಾಲಿನ ಚೀಲ ಅದರಲ್ಲೇ ಇತ್ತು, ಅದಕ್ಕೆಂದು ಹೋದವಳು ಟಾರ್ಪಾಲು ಎತ್ತಿದಳು, ಬಾನೆಟ್ಟಿನ ಹಿಂದಿನದೆಲ್ಲ ಕಾಗದ ಮುದುರಿದ ಹಾಗೆ, ಬಾಗಿಲಿಲ್ಲ, ಗಾಜಿಲ್ಲ, ಮುಂದಿನ ಎರಡು ಚಕ್ರ ಮಾತ್ರ ನಿಂತಲ್ಲೇ ನಿಂತಿವೆ, ನಿನ್ನೆ ಅಂಗಡಿಯಿಂದ ಬಂದವರ ಹಾಗೆ, ಪಕ್ಕದ ಮೈಮೇಲೆ ಆ ರಬ್ಬರಿನ ಕೂದಲು ಹಾಗೆಯೇ, ಅದರ ತುದಿಗಳ ಮೇಲೆ ಹಿಮದ ಹುಡಿ. ಅವಳು ಚೀಲ ತೆಗೆದುಕೊಂಡು ಮನೆಗೆ ಬಂದಳು.

ಮಣ್ಣು ಮಾಡಿದ ದಿನದ ಊಟದಲ್ಲಿ ಕೋಳಿ ಸಾರು, ಪ್ಲೋಯ್ ರೊಟ್ಟಿಯ ರಾಶಿ, ಫೆರ್ನಾನ್ ರೊಟ್ಟಿಗೆ ಬೆಣ್ಣೆ ಸವರುತ್ತ ಎಲ್ಲರಿಗೂ ಕೇಳುವ ಹಾಗೆ ಅಂದ, ಬೋಳು ಟೈರು ಹಿಂದೆ ಬಿಟ್ಟು ಹೊಸದನ್ನ ಮುಂದೆ ಹಾಕಿ ಕಳ್ಸೋದಾ, ಕಸುಬು ಗೊತ್ತಿದ್ದೋನು ಮಾಡೋ ಕೆಲಸನಾ ಇದು, ಗಿಲ್ಮನ್‌ಗೆ ವಯಸ್ಸಾಯ್ತು, ಅವನು ನನ್ನ ಅಣ್ಣನ್ನ ಕೊಂದ. ಗಿಲ್ಮನ್ ಬಾಗಿಲ ಹತ್ತಿರವೇ ಕೈಯಲ್ಲಿ ಟೋಪಿ ಹಿಡಿದು ನಿಂತಿದ್ದ, ಅವಳನ್ನು ನೋಡಿದ, ಅವಳು ತಟ್ಟೆ ನೋಡಿದಳು, ಅಷ್ಟೇ ಆದದ್ದು, ಸುಳ್ಳು ಹೇಳಲಿಲ್ಲ ಅವಳು, ಬಾಯಿಯೇ ಬಿಡಲಿಲ್ಲ, ಮೌನವೇ ಸಮ್ಮತಿ ಎಂದು ಊರು ತಿಳಿದುಕೊಂಡರೆ ಅವಳೇನು ಮಾಡಲಿ. ಆಮೇಲೆ ಒಬ್ಬೊಬ್ಬರೇ ಐವತ್ತು ಮೈಲಿ ದೂರದ ಪಟ್ಟಣಕ್ಕೆ ಹೋಗತೊಡಗಿದರು ಟೈರಿಗೆ. ಇವನು ಹೇಳಬಹುದಿತ್ತಲ್ಲ, ಅವಳೇ ಹಾಕಿಸಿಕೊಂಡಳು ಅಂತ, ಒಂಬತ್ತು ತಿಂಗಳು ಕಾದಳು, ಇಂದು ಹೇಳುತ್ತಾನೆ, ನಾಳೆ ಹೇಳುತ್ತಾನೆ, ಹೇಳಿದ ದಿನ ಬಂದು ಅವನ ಮುಖಕ್ಕೆ ಉಗಿಯುತ್ತೇನೆ, ಗಂಡ ಸತ್ತವಳ ಮೇಲೆ ಹೊರೆ ಹೊರಿಸುತ್ತೀಯಾ ಎಂದು ಕೂಗುತ್ತೇನೆ, ಮಾತೆಲ್ಲ ಸಿದ್ಧ ಮಾಡಿಟ್ಟುಕೊಂಡಿದ್ದಳು, ಅವನು ಹೇಳಲೇ ಇಲ್ಲ, ದೊಡ್ಡ ಮನುಷ್ಯ, ಅವನ ದೊಡ್ಡತನಕ್ಕಿಷ್ಟು, ಯಾರು ಕೇಳಿದರು ಅವನ ಕರುಣೆಯನ್ನು. ಆಮೇಲೆ ಕೊಂಡ ಕಾರಿನಲ್ಲಿ ಇವತ್ತು ಅವಳು ಬಂದಿರುವುದೂ ಟೈರಿಗಲ್ಲ, ಟೈರು ಪಟ್ಟಣದಲ್ಲೂ ಸಿಗುತ್ತದೆ, ಅವನು ಒಮ್ಮೆ ಅಂದುಬಿಡಲಿ ಎಂದು, ಅಂಗಡಿ ಮುಚ್ಚುವ ಮೊದಲು ಒಮ್ಮೆ.

ಬಾಗಿಲ ಗಂಟೆ ಸದ್ದಾಯಿತು, ಬಂದವನು ಫೆರ್ನಾನ್ — ಇವನೇ ಬರಬೇಕೇ — ಟೈರಿಗಲ್ಲ, ಮುಚ್ಚುವ ಅಂಗಡಿಯಲ್ಲಿ ಜಾಕು ಗೀಕು ಅಗ್ಗಕ್ಕೆ ಸಿಗುತ್ತದೇನೋ ಎಂದು, ಹದ್ದು, ಅವಳನ್ನು ಕಂಡು ಹುಬ್ಬು ಏರಿಸಿದ, ಅಯ್ಯೋ ಅತ್ತಿಗೆ, ನೀನು ಇಲ್ಲಿ? ನಿನಗೆ ಬೇರೆ ಅಂಗಡಿ ಸಿಗ್ಲಿಲ್ವಾ? ಸರಿ, ಈ ಸಲ ಪಕ್ಕದಲ್ಲೇ ನಿಂತು ನೋಡ್ಕೋ, ಯಾವುದನ್ನ ಎಲ್ಲಿ ಹಾಕ್ತಾನೆ ಅಂತ, ಎಂದು ನಕ್ಕ, ಅದೇ ನಗು, ಕುದುರೆಯ ನಗು, ಟ್ರ್ಯಾಕ್ಟರಿನ ನಗು. ಗಿಲ್ಮನ್ ಬಗ್ಗಿದ್ದವನು ಬಗ್ಗಿಯೇ ಇದ್ದ, ಅವನ ಕಿವಿ ಮಾತ್ರ ಕೆಂಪಾಯಿತು, ಐವತ್ತು ವರ್ಷದ ಹಿಂದೆ ಕ್ಲಾಸಿನಲ್ಲಿ ಬೈಸಿಕೊಂಡಾಗ ಆಗುತ್ತಿದ್ದ ಹಾಗೆಯೇ, ಅದನ್ನು ನೋಡಿ ಅವಳು ಕಾಫಿಯ ಲೋಟ ನೆಲಕ್ಕೆ ಕುಕ್ಕಿದಳು, ಕರುಣೆಯಲ್ಲ, ಕರುಣೆ ಅವಳಲ್ಲಿ ಉಳಿದಿಲ್ಲ, ಸಿಟ್ಟು, ಆ ನಗುವಿನ ಮೇಲಿನ ಸಿಟ್ಟು, ನಿನ್ನ ಈ ಹಲ್ಲಿಗಾಗಿಯೇ ಅಲ್ಲವೇನೋ ನಾನು — ಮತ್ತು ಬಾಯಿ ತಾನೇ ತೆರೆದುಕೊಂಡಿತು, ಹಾಕಿಸಿದ್ದು ನಾನು. ಏನು? ಮುಂದೆ ಹಾಕು ಅಂದೋಳು ನಾನು, ಕೇಳಿಸ್ತಾ? ಅವನು ನಾಲ್ಕು ಹಾಕಿಸು ಅಂದ, ಬೇಡ ಅಂದೆ, ಹಿಂದೆ ಹಾಕ್ತೀನಿ ಅಂದ, ಬಾಯಿ ಮುಚ್ಚು ಅಂದೆ, ಕಮೀಲ್‌ನ ಕೊಂದಿದ್ದು ಇವನಲ್ಲ, ನಾನು. ಅಂದಾಯಿತು, ಅಂದೇಬಿಟ್ಟಳು, ಗೋಡೆಯ ಗಡಿಯಾರ ಓಡುತ್ತಿದೆ, ಈಗ ಫೆರ್ನಾನ್ ಟೋಪಿ ತೆಗೆಯುತ್ತಾನೆ, ಈಗ ಇಡೀ ಕಣಿವೆಗೆ ಸಾರುತ್ತಾನೆ, ಸಾರಲಿ, ಸಾರಲಿ ಎಂದೇ ಕಾದಳು. ಫೆರ್ನಾನ್ ನಗು ನಿಲ್ಲಿಸಿ ಅವಳ ಹೆಗಲ ಮೇಲೆ ಕೈ ಇಟ್ಟ, ಬಿಡು ಅತ್ತಿಗೆ, ಬಿಡು, ನಿನ್ನ ಮನಸ್ಸು ನಮಗೆ ಗೊತ್ತಿಲ್ವಾ, ಅಂಗಡಿ ಮುಚ್ತಿದೆ ಅಂತ ಪಾಪ ಅನ್ನಿಸಿ ಅವನ ತಪ್ಪನ್ನ ನಿನ್ನ ಮೈಮೇಲೆ ಎಳ್ಕೊಳ್ತಿದ್ದೀಯ, ಕಮೀಲ್ ಹೇಳ್ತಾನೇ ಇದ್ದ, ನನ್ನ ಹೆಂಡ್ತಿ ಬಾಯಿ ಕೆಟ್ಟದು, ಹೃದಯ ಬೆಣ್ಣೆ ಅಂತ. ಗಿಲ್ಮನ್ ಕಡೆ ತಿರುಗಿ, ನೋಡಿದೆಯಾ, ಇಷ್ಟಾದ್ಮೇಲೂ ನಿನ್ನ ಕಾಪಾಡ್ತಿದ್ದಾಳೆ, ನಾಚಿಕೆ ಆಗ್ಬೇಕು ನಿಂಗೆ, ಎಂದು ಬಾಗಿಲು ಎಳೆದುಕೊಂಡು ಹೋದ, ಜಾಕನ್ನೂ ಕೇಳಲಿಲ್ಲ.

ಗಂಟೆ ಇನ್ನೂ ಅಲ್ಲಾಡುತ್ತಿದೆ. ಈಗಲಾದರೂ ಹೇಳು, ಈಗಲಾದರೂ ಬೈಯಿ, ಒಂಬತ್ತು ತಿಂಗಳು ಯಾಕೆ ಸುಮ್ಮನಿದ್ದೆ ಕತ್ತೆ ಎಂದು ಕೇಳು, ಎಂದು ಅವಳು ಅವನ ಬೆನ್ನನ್ನು ನೋಡಿದಳು, ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು, ಈ ಒಲೆಯಲ್ಲಿ ಇನ್ನು ಬೇಯುವುದು ಏನೂ ಇಲ್ಲ, ಸತ್ಯವೂ ಬೇಯುವುದಿಲ್ಲ. ಗಿಲ್ಮನ್ ನಿಧಾನವಾಗಿ ಎದ್ದ, ಮೊಣಕಾಲು ಲಟಕ್ಕೆಂದಿತು, ಇವತ್ತು ಮೊದಲ ಸಲ ಅವಳ ಮುಖ ನೋಡಿದ, ಅದರಲ್ಲಿ ಕ್ಷಮೆ ಇರಲಿಲ್ಲ, ದೊಡ್ಡತನವೂ ಇರಲಿಲ್ಲ, ತಿಂಗಳುಗಟ್ಟಲೆ ಹಲ್ಲು ಕಚ್ಚಿ ಹಿಡಿದ ದ್ವೇಷ ಇತ್ತು, ಚೊಕ್ಕ ದ್ವೇಷ, ಅವಳದರಷ್ಟೇ. ಆ ಊಟದ ದಿನ ಹೇಳ್ಬೇಕಿತ್ತು ಓಡಿಲ್, ಅಂದ. ಆಮೇಲೆ, ನಾಲ್ಕಾ, ಎರಡಾ? ನಾಲ್ಕು. ಮೊಳೆಯದ್ದಾ? ಹೂಂ, ಕಿರಿದಾದ್ದು. ಐವತ್ತು ಮೈಲಿ ಓಡಿದ ಮೇಲೆ ಬಾ, ನಟ್ಟು ಬಿಗಿ ಮಾಡ್ಬೇಕು, ಹದಿನೈದರೊಳಗೆ ಬಾ, ಆಮೇಲೆ ನಾನಿರಲ್ಲ. ಅವನು ಮೊದಲನೆಯದನ್ನು ಎತ್ತಿ ಅವಳ ಪಕ್ಕದಿಂದಲೇ ಉರುಳಿಸಿಕೊಂಡು ಹೋದ, ಅವಳು ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ, ಅದರ ಕೂದಲು ಮೊಣಕಾಲ ಕೆಳಗೆ ಕಾಲುಚೀಲಕ್ಕೆ ತಾಗಿತು, ಚುಚ್ಚಲಿಲ್ಲ, ಬರೀ ತಾಗಿತು, ಮೆತ್ತಗೆ, ಟಾರ್ಪಾಲಿನ ಕೆಳಗೆ ನಿಂತಿದ್ದವು ಎರಡು, ಮುಂದಿನ ಎರಡು, ಕೂದಲು, ತುದಿಯಲ್ಲಿ ಹಿಮದ ಹುಡಿ, ಒಂದೂ ಉದುರಿರಲಿಲ್ಲ, ಕೂದಲು, ಒಂದೂ