ಲೆಮ್ಲೆಮ್ ಅತ್ತ ಬೆಳಗು

ಲೆಮ್ಲೆಮ್ ಮನೆಯಿಂದ ಕಾಫಿ ಬೀಜ ಹುರಿಯುವ ಘಮ ಬರುವುದು ನಿಂತುಹೋಗಿತ್ತು. ನಮ್ಮ ಎರಿಟ್ರಿಯಾದವರ ಮನೆಯಲ್ಲಿ ಕಾಫಿ ನಿಂತಿತೆಂದರೆ ಏನೋ ಸರಿಯಿಲ್ಲ ಎಂದೇ ಅರ್ಥ. ಉಗಾಂಡಾ ದೇಶದ ಕಂಪಾಲಾದ ಈ ಓಣಿಯಲ್ಲಿ ಪಕ್ಕದ ಮನೆಯವಳು ನಾನು, ನನಗೆ ತಿಳಿಯದೆ ಇದ್ದೀತೆ? ಅವಳಿಗೆ ನಿದ್ದೆಯಿಲ್ಲ, ಊಟ ಸೇರದು. ಆಸ್ಪತ್ರೆಯಲ್ಲಿ ಭಾಷೆ ಬಾರದೆ ತಲೆ ಮುಟ್ಟಿ ತೋರಿಸಿದಳು, ತಲೆನೋವಿನ ಮಾತ್ರೆ ಕೊಟ್ಟು ಕಳಿಸಿದರು.

ಮನಸ್ಸಿನ ಕಷ್ಟ ಕೇಳುವ ಕೆಲಸದಲ್ಲಿರುವ ಅಬ್ರೆಹೆತ್‌ಳನ್ನು ಕರೆತಂದೆ. ನಮ್ಮವಳೇ, ನಮ್ಮ ಮಾತಿನವಳೇ. ಲೆಮ್ಲೆಮ್ ಗಂಡ ತೆಕೆಸ್ತೆ ಬಾಗಿಲಲ್ಲೇ ತಡೆದ.

“ನನ್ನ ಹೆಂಡ್ತಿಗೆ ಹುಚ್ಚು ಅಂತ ಊರಿಗೆಲ್ಲ ಸಾರೋಕೆ ಬಂದ್ರಾ?”

“ಕಾಫಿ ಕುಡಿಯೋಕೆ ಬಂದೆ ಅಣ್ಣ. ನೀವೇ ಮಾಡೋದಾದ್ರೆ ಬೇಡ ಬಿಡಿ,” ಎಂದಳು ಅಬ್ರೆಹೆತ್.

ಅವನು ನಕ್ಕುಬಿಟ್ಟ. ಆಮೇಲೆ ದನಿ ತಗ್ಗಿಸಿದ. “ಅವ್ಳ ತಾಯಿ ಊರಲ್ಲಿ ತೀರ್ಕೊಂಡ್ರು. ನಾನಿನ್ನೂ ಹೇಳಿಲ್ಲ. ನಮ್ಮಲ್ಲಿ ಸಾವಿನ ಸುದ್ದಿ ಹಿರಿಯರು ಬೆಳಗಿನ ಜಾವ ಬಂದು ಹೇಳ್ಬೇಕಲ್ವಾ? ಇಲ್ಲಿ ಹಿರಿಯರನ್ನ ಎಲ್ಲಿಂದ ತರ್ಲಿ?”

ಒಳಗೆ ಲೆಮ್ಲೆಮ್ ನಮ್ಮಿಬ್ಬರ ಕೈ ಹಿಡಿದಳು. “ಅಮ್ಮ ಹೋದ್ರು ಅಂತ ಫೋನಲ್ಲಿ ತಮ್ಮನ ದನೀಲೇ ಗೊತ್ತಾಯ್ತು ಅಕ್ಕ. ಯಾರೂ ಹೇಳ್ದೆ ಹೇಗೆ ಅಳ್ಲಿ? ಒಂದೊಂದ್ಸಲ ಬದುಕೋದೇ ಬೇಡ ಅನ್ಸುತ್ತೆ.”

“ಹೇಳಿದ್ದು ಒಳ್ಳೇದಾಯ್ತು ತಂಗಿ. ಇದು ಹುಚ್ಚಲ್ಲ. ಈಗ್ಲೇ ಡಾಕ್ಟರ ಹತ್ರ ಹೋಗೋಣ, ನಿನ್ನ ಮಾತು ಅವ್ರಿಗೆ ನಾನು ತಿಳಿಸ್ತೀನಿ. ನಿನ್ ಗಂಡಂಗೂ ಹೇಳ್ಲಾ?” ಎಂದಳು ಅಬ್ರೆಹೆತ್.

ಲೆಮ್ಲೆಮ್ ಹೂಂ ಎಂದು ತಲೆಯಾಡಿಸಿದಳು. ವಿಷಯ ಕೇಳಿದ ತೆಕೆಸ್ತೆ ಚಪ್ಪಲಿ ಕೂಡ ಮೆಟ್ಟದೆ ಜೊತೆಗೆ ಹೊರಟ. ಡಾಕ್ಟರು ಚಿಕಿತ್ಸೆ ಶುರುಮಾಡಿ, ಒಬ್ಬಳನ್ನೇ ಬಿಡಬೇಡಿ ಎಂದು ಮನೆಗೆ ಕಳಿಸಿದರು; ಸಂಜೆ ನಾನು ಓಣಿಯ ನಮ್ಮವರಿಗೆಲ್ಲ ಸುದ್ದಿ ಮುಟ್ಟಿಸಿದೆ.

ಮರುದಿನ ನಸುಕಿನಲ್ಲಿ ಬಿಳಿ ಶಾಲು ಹೊದ್ದು ನಾವೆಲ್ಲ ಅವರ ಬಾಗಿಲಿಗೆ ಹೋದೆವು. ಟ್ಯಾಕ್ಸಿ ಓಡಿಸುವವರು, ರೊಟ್ಟಿ ಮಾರುವವರು, ಮುಂದೆ ಚರ್ಚಿನ ಮುದುಕ ವೊಲ್ದು. ತೆಕೆಸ್ತೆ ಕಣ್ಣೊರೆಸಿಕೊಂಡ. “ನೀವ್ಯಾರೂ ನಮ್ಮೂರಿನವರಲ್ಲ, ಆದ್ರೂ ಬಂದ್ರಿ.”

“ಇಲ್ಲಿ ನಾವೇ ನಿನ್ನ ಊರು ಕಣೋ. ದಾರಿ ಬಿಡು,” ಎಂದ ವೊಲ್ದು.

ಹಿರಿಯನಾಗಿ ವೊಲ್ದುವೇ ಸುದ್ದಿ ಹೇಳಿದ. ಲೆಮ್ಲೆಮ್ ಅಮ್ಮನ ಹೆಸರು ಕೂಗಿ ಅತ್ತಳು. ಅವಳ ಅಳುವಿಗೆ ಇಡೀ ಓಣಿ ದನಿಗೂಡಿಸಿತು. ಪರದೇಶದಲ್ಲಿ ನಮ್ಮವರು ಹೀಗೆ ನಿಂತದ್ದು ಕಂಡು ಅಳುವಿನ ನಡುವೆಯೂ ನನ್ನ ಎದೆ ಉಬ್ಬಿತು.

ಚಿಕಿತ್ಸೆ ಇನ್ನೂ ನಡೆದಿದೆ. ಎಲ್ಲಿಗೆ ಹೊರಟಿರಿ ಎಂದರೆ ತೆಕೆಸ್ತೆ, “ಮನಸ್ಸಿನ ಡಾಕ್ಟರ ಹತ್ರ” ಎಂದು ಓಣಿಗೆ ಕೇಳುವಂತೆಯೇ ಹೇಳುತ್ತಾನೆ. ನಿನ್ನೆ ಲೆಮ್ಲೆಮ್ ಕಾಫಿ ಹುರಿದಳು.

ನಿಮ್ಮ ಬೀದಿಯಲ್ಲೂ ದೂರದಿಂದ ಬಂದವರ ಮನೆಯೊಂದಿದ್ದೀತು. ಹೋಗಿ ಬಾಗಿಲು ತಟ್ಟಿ. ಅವರ ಮಾತು, ರೀತಿ ಬಲ್ಲವರನ್ನು ಜೊತೆಗೆ ಕರೆದೊಯ್ಯಿರಿ. ಬದುಕು ಬೇಡ ಎಂದವರನ್ನು ಒಬ್ಬರೇ ಬಿಡದೆ, ಅಂದೇ ವೈದ್ಯರ ಬಳಿಗೆ ಕರೆದುಕೊಂಡು ಹೋಗಿ. ಅವರ ಊರು ದೂರವಿರಬಹುದು, ನೀವಂತೂ ಹತ್ತಿರದಲ್ಲೇ ಇದ್ದೀರಿ.